ಹೂವಿಗೆ ಯಾರ ಅಪ್ಪಣೆ?

"ಸಂಪ್ರದಾಯ" ಎಂಬ ಮಾತನ್ನು ಬಾಯಿ ಮುಚ್ಚಿಸಲು ಬಳಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೆಣ್ಣು ಏನು ಉಡಬೇಕು, ಏನು ಮುಡಿಯಬೇಕು, ಯಾವಾಗ ತೆಗೆದಿಡಬೇಕು ಎಂಬುದನ್ನೆಲ್ಲ ಹಿರಿಯರು ಎಂದೋ ತೀರ್ಮಾನಿಸಿದ್ದಾರೆ, ಇನ್ನು ಅದರಲ್ಲಿ ಮಾತಿಲ್ಲ ಎನ್ನುವುದು ಇವರ ವಾದ. ಇವರಿಗೆ ಉತ್ತರ ಹೇಳಲು ನಾನು ಬಹು ದೂರದ ಒಂದು ಹಬ್ಬವನ್ನು ಸಾಕ್ಷಿಗೆ ಕರೆಯುತ್ತಿದ್ದೇನೆ.

ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಲಾಟ್ವಿಯಾ ಎಂಬ ಪುಟ್ಟ ದೇಶವಿದೆ. ಅಲ್ಲಿನ ಜನಸಂಖ್ಯೆ 20 ಲಕ್ಷಕ್ಕಿಂತಲೂ ಕಡಿಮೆ. ರಾಜಧಾನಿ ರೀಗಾದಲ್ಲಿ ಡಿಸೆಂಬರಿನ ಹಗಲು 7 ಗಂಟೆಯೂ ತುಂಬುವುದಿಲ್ಲ. ಜೂನ್ ಕೊನೆಗೆ ಅದು 18 ಗಂಟೆಯ ಹತ್ತಿರ ಬರುತ್ತದೆ. ಕತ್ತಲಲ್ಲಿ ಬೆಂದ ಜನಕ್ಕೆ ಬೆಳಕೇ ಹಬ್ಬ. ಜೂನ್ 23 ಲೀಗೊ, 24 ಯಾನಿ. ಎರಡೂ ದಿನ ಸರ್ಕಾರಿ ರಜೆ. ಪಟ್ಟಣದವರು ಹಳ್ಳಿಯ ಕಡೆ ಹೊರಡುತ್ತಾರೆ. ಬಾಗಿಲಿಗೆ ಬರ್ಚ್ ಮರದ ಕೊಂಬೆ ಕಟ್ಟುತ್ತಾರೆ. ನಮ್ಮಲ್ಲಿ ಕೂಸಿಗೆ ತೇಯ್ದು ನೆಕ್ಕಿಸುತ್ತೇವಲ್ಲ, ಅದೇ ಬಜೆಗಿಡದ ಎಲೆಗಳನ್ನು ಮನೆಯೊಳಗೆ ಹರಡುತ್ತಾರೆ. ಸಂಜೆ ಹಚ್ಚಿದ ಬೆಂಕಿ ಸೂರ್ಯ ಹುಟ್ಟುವ ತನಕ ಉರಿಯಬೇಕು. ಆ ರಾತ್ರಿ ಮಲಗಿದವರು ಬೇಸಿಗೆಯಿಡೀ ತೂಕಡಿಸುತ್ತಾರೆಂಬ ನಂಬಿಕೆಯಿದೆ. ಮನೆಯೊಡತಿ ಶಾಜೀರಿಗೆಯಂಥ ಬೀಜ ಹಾಕಿ ಗಿಣ್ಣು ಮಾಡುತ್ತಾಳೆ, ಯಜಮಾನ ಬಿಯರು ಇಳಿಸುತ್ತಾನೆ. ಕೆಲಸ ಇಬ್ಬರಿಗೂ ಇದೆ ಎಂಬುದನ್ನು ಗಮನಿಸಿ! ಬಂದವರು "ಲೀಗೊ, ಲೀಗೊ" ಎಂಬ ಪಲ್ಲವಿಯ ಹಾಡು ಹೇಳುತ್ತ, ಹೊಲದ ಕಳೆ ಕೀಳದ ಸೋಮಾರಿ ಮನೆಯವರನ್ನು ಎದುರಿಗೇ ಗೇಲಿ ಮಾಡುತ್ತಾರೆ. ಯಾರೂ ಮುಖ ಊದಿಸುವಂತಿಲ್ಲ.

ಇನ್ನು ಉಡುಪು. ಹಳೆಯ ಕಾಲದ ಹಬ್ಬದ ಉಡುಪೆಂದರೆ ನಾರುಬಟ್ಟೆಯ ಅಂಗಿ, ಉಣ್ಣೆಯ ಲಂಗ, ನಕ್ಷೆ ನೇಯ್ದ ನಡುಪಟ್ಟಿ, ಹೆಗಲಿಗೆ ಉಣ್ಣೆಯ ಶಾಲು, ಅದನ್ನು ಸಿಕ್ಕಿಸಲು "ಸಕ್ತಾ" ಎಂಬ ಬೆಳ್ಳಿಯ ಪಿನ್ನು. ಬೇಸಿಗೆಯಾದರೂ ಅಲ್ಲಿಯ ರಾತ್ರಿ ತಣ್ಣಗಿರುವುದರಿಂದ ಉಣ್ಣೆ ಬೇಕೇ ಬೇಕು. ಸೀಮೆಯಿಂದ ಸೀಮೆಗೆ ಬಣ್ಣ, ಅಂಚು ಬೇರೆ. ತಲೆಯ ಮೇಲೆ ಮಾತ್ರ ಒಂದು ಕಟ್ಟಳೆಯಿತ್ತು. ಮದುವೆಯಾಗದ ಹುಡುಗಿಗೆ ಕಿರೀಟ, ಮದುವೆಯಾದವಳಿಗೆ ತಲೆವಸ್ತ್ರ. ಮದುವೆಯ ರಾತ್ರಿ ವಧುವಿನ ಕಿರೀಟ ತೆಗೆದು ವಸ್ತ್ರ ಕಟ್ಟುವ ಶಾಸ್ತ್ರವೇ ಇದೆ. "ಮಿಚೊಶನಾ" ಎಂದು ಅದರ ಹೆಸರು. ಯಾರ ಮನೆಯ ಸೊತ್ತು ಎಂಬುದನ್ನು ಹೆಣ್ಣಿನ ತಲೆ ನೋಡಿ ತಿಳಿಯುವ ಉಪಾಯ. ನಮಗೆ ಇದು ಹೊಸದೇ?

ಆದರೆ ಅದೇ ಜನ ಯಾನಿಯ ರಾತ್ರಿ ಏನು ಮಾಡುತ್ತಾರೆ ನೋಡಿ. ಇಂದು ಆ ರಾತ್ರಿ ಹೆಂಗಸರೆಲ್ಲರ ತಲೆಯ ಮೇಲೂ ಬಯಲಿನ ಹೂಗಳ ದಂಡೆ ಇರುತ್ತದೆ. ಸೇವಂತಿಗೆಯನ್ನು ಹೋಲುವ ಬಿಳಿ ಹೂ, ನೀಲಿ ಹೂ, ಹುಲ್ಲಿನ ತೆನೆ ಎಲ್ಲ ಸೇರಿಸಿ ಹೆಣೆದದ್ದು. ಎಂಟು ವರ್ಷದ ಹುಡುಗಿಯೂ ಮುಡಿಯುತ್ತಾಳೆ, ಎಂಬತ್ತರ ಅಜ್ಜಿಯೂ ಮುಡಿಯುತ್ತಾಳೆ. ಗಂಡ ಇದ್ದಾನೆಯೇ, ಬಿಟ್ಟಿದ್ದಾನೆಯೇ, ಸತ್ತಿದ್ದಾನೆಯೇ ಎಂದು ದಂಡೆ ಕೇಳುವುದಿಲ್ಲ. ಗಂಡಸರಿಗೂ ಬಿಡುವಿಲ್ಲ, ಅವರಿಗೆ ಓಕ್ ಎಲೆಯ ದಂಡೆ.

ಕಿರೀಟ ಕಿತ್ತುಕೊಂಡದ್ದೂ ಸಂಪ್ರದಾಯ, ಎಲ್ಲರಿಗೂ ಹೂವು ಮುಡಿಸಿದ್ದೂ ಸಂಪ್ರದಾಯ. ಹಾಗಾದರೆ "ಸಂಪ್ರದಾಯ ಹೀಗಿದೆ" ಎಂದವರನ್ನು "ಯಾವುದು?" ಎಂದು ಕೇಳುವ ಹಕ್ಕು ನಮಗಿಲ್ಲವೇ?

ಅಲ್ಲಿಯ ಹೂವು ಬೇರೆ, ನಮ್ಮ ಮುತ್ತೈದೆಯ ಹೂವು ಬೇರೆ ಎನ್ನುವವರಿದ್ದಾರೆ. ಅವರಿಗೆ ಒಂದೇ ಪ್ರಶ್ನೆ. ಐದು ವರ್ಷದ ಮಗುವಿಗೆ ಮೊಗ್ಗಿನ ಜಡೆ ಹಾಕುವಾಗ ಗಂಡ ಎಲ್ಲಿದ್ದ? ಅವನು ಬರುವ ಮೊದಲೇ ನಮ್ಮದಾಗಿದ್ದ ಹೂವು ಅವನು ಹೋದ ಮೇಲೆ ಹೇಗೆ ಅವನದಾಯಿತು? ಹಬ್ಬದ ದಿನ ಎಲ್ಲರೂ ರೇಷ್ಮೆಯುಟ್ಟು ಹೂ ಹಂಚಿಕೊಳ್ಳುವಾಗ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲುವ ಅತ್ತಿಗೆಯೋ ಚಿಕ್ಕಮ್ಮನೋ ನಿಮ್ಮ ಮನೆಯಲ್ಲೂ ಇರಬಹುದು. ಆಕೆಯನ್ನು ಅಲ್ಲಿ ನಿಲ್ಲಿಸಿದ್ದು ದೇವರಲ್ಲ, ನಾವು.

ಇನ್ನೊಂದು ಕಡೆಯವರೂ ಇದ್ದಾರೆ. ಹಬ್ಬ, ಉಡುಪು, ಹಾಡು ಎಲ್ಲ ಗೊಡ್ಡು, ಎಸೆದುಬಿಡಿ ಎನ್ನುವವರು. ಇವರ ಮಾತನ್ನೂ ನಾನು ಒಪ್ಪಲಾರೆ. ಲಾಟ್ವಿಯಾ ಸೋವಿಯತ್ ಹಿಡಿತದಲ್ಲಿದ್ದಾಗ, 1959ರಲ್ಲಿ ಅರ್ವಿಡ್ಸ್ ಪೆಲ್ಶೆ ಅಲ್ಲಿನ ಪಕ್ಷದ ಮುಖ್ಯಸ್ಥನಾದ ಮೇಲೆ, ಯಾನಿಯ ರಜೆಯನ್ನು ರದ್ದು ಮಾಡಿ ಹಬ್ಬವನ್ನು ಅಳಿಸಲು ನೋಡಿದರು. ಜನ ಮನೆಗಳಲ್ಲಿ, ತೋಟಗಳಲ್ಲಿ ಆಚರಿಸುತ್ತಲೇ ಬಂದರು. ದೇಶ 1991ರಲ್ಲಿ ಮತ್ತೆ ಸ್ವತಂತ್ರವಾಯಿತು. ಆ ಹೊತ್ತಿಗೆ ಹಾಡೂ ಉಳಿದಿತ್ತು, ದಂಡೆ ಹೆಣೆಯುವ ಕೈಗಳೂ ಉಳಿದಿದ್ದವು. ಕ್ರಿಶ್ಯಾನಿಸ್ ಬರೋನ್ಸ್ ಎಂಬಾತ 1894ರಿಂದ 1915ರವರೆಗೆ ಸುಮಾರು 2,18,000 ಜನಪದ ಹಾಡುಗಳನ್ನು ಅಚ್ಚು ಹಾಕಿಸಿದ. ಬಹುಪಾಲು ಹೆಂಗಸರ ಬಾಯಲ್ಲಿ ಬಾಳಿದ ನಾಲ್ಕು ಸಾಲಿನ ಪುಟ್ಟ ಹಾಡುಗಳು. ಬರೆಯಲು ಬಾರದವರು ಕಾಪಾಡಿದ್ದನ್ನು ಓದಿದ ನಾವು ಗೊಡ್ಡು ಎನ್ನುವುದೇ?

ಅಲ್ಲಿಯದೆಲ್ಲ ಚೆನ್ನ ಎಂದು ಹೊಗಳಲು ನಾನು ಕೂತಿಲ್ಲ. ಬಿಯರಿನ ಹೊಳೆ ನನಗೆ ಹಿಡಿಸದು. ಆ ರಾತ್ರಿ ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಪೊಲೀಸರು ರಸ್ತೆಯುದ್ದಕ್ಕೂ ನಿಲ್ಲಬೇಕಾಗುತ್ತದೆ. ಹೂವೇ ಬಿಡದ ಜರೀಗಿಡದ ಹೂವು ಹುಡುಕುವ ನೆಪದಲ್ಲಿ ಜೋಡಿಗಳು ಕಾಡಿಗೆ ಹೋಗುವುದನ್ನು ನೋಡಿ ನಮ್ಮ ಹಿರಿಯರು ಹುಬ್ಬು ಗಂಟಿಕ್ಕುವುದು ಖಂಡಿತ. ಇರಲಿ. ಬೇಕಾದ್ದನ್ನು ಇಟ್ಟುಕೊಳ್ಳುವ, ಬೇಡದ್ದನ್ನು ಬಿಡುವ ವಿವೇಕ ಎಲ್ಲ ಜನಕ್ಕೂ ಬೇಕು.

ಅವರಲ್ಲಿ ಒಂದು ಪದ್ಧತಿಯಿದೆ. ಹಿಂದಿನ ವರ್ಷದ ಒಣಗಿದ ದಂಡೆಯನ್ನು ಈ ವರ್ಷದ ಬೆಂಕಿಗೆ ಹಾಕುತ್ತಾರೆ, ತಲೆಗೆ ಹೊಸದನ್ನು ಹೆಣೆದುಕೊಳ್ಳುತ್ತಾರೆ. ಹಬ್ಬ ಕೆಡುವುದಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ನಾವೂ ಅಷ್ಟು ಮಾಡೋಣ. ಹೂವಿನ ತಟ್ಟೆ ಹಿಡಿದು ಬಾಗಿಲ ಮರೆಗೆ ಹೋಗೋಣ, ಅಲ್ಲಿ ನಿಂತವಳನ್ನು ಕೈಹಿಡಿದು ಕರೆತಂದು ಮೊದಲು ಆಕೆಗೇ ಮುಡಿಸೋಣ. ಗೊಣಗುವವರು ಗೊಣಗಲಿ.