ಕಾನ್ವೆಂಟಿನ ದಾಖಲಾತಿ ಪುಸ್ತಕ

‘ನಮ್ ಹುಡುಗ ಕಾನ್ವೆಂಟಿಗೆ ಹೋಗ್ತಾನ’ ಎಂದು ಬಳ್ಳಾರಿಯ ಗಾಂಧಿನಗರದಲ್ಲಿ ಯಾರಾದರೂ ಹೇಳಿದರೆ ಹುಡುಗ ಟೈ ಕಟ್ಟಿಕೊಂಡು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾನೆ ಎಂದಷ್ಟೇ ಅರ್ಥ. ಫಲಕದ ಮೇಲೆ ಬಸವಣ್ಣನ ಹೆಸರಿರಬಹುದು, ರಾಯರ ಹೆಸರಿರಬಹುದು, ಅದೂ ಕಾನ್ವೆಂಟೇ. ಸಿರುಗುಪ್ಪ, ಕುರುಗೋಡುಗಳಲ್ಲೂ ಇದೇ ಮಾತು. ಕಾನ್ವೆಂಟ್ ಎಂದರೆ ಕನ್ಯಾಸ್ತ್ರೀಯರು ವಾಸಿಸುವ ಮಠ, ಶಾಲೆ ಆ ಮಠದ ಅಂಗಳದಲ್ಲಿ ಹುಟ್ಟಿದ್ದು ಎಂಬುದು ಈಗ ಯಾರಿಗೂ ನೆನಪಿಲ್ಲ. ಅದರಿಂದ ನಷ್ಟವೇನೂ ಇಲ್ಲ ಎನ್ನೋಣ. ಆದರೆ ನಿಜವಾದ ಹಳೆಯ ಕಾನ್ವೆಂಟ್ ಶಾಲೆಗಳಿಗೆ ‘ಪಾರಂಪರಿಕ’ ಪಟ್ಟ ಬೇಕೆಂಬ ಮಾತು ಬಂದಾಗ, ಉಳಿಸಬೇಕಾದದ್ದು ಏನನ್ನು ಎಂದು ಮೊದಲು ಕೇಳಿಕೊಳ್ಳಬೇಕಾಗುತ್ತದೆ.

ಈ ಶಾಲೆಗಳ ಹುಟ್ಟು ಬಹಳ ದೂರದ್ದು. ಫ್ರಾನ್ಸಿನ ಆಂಜೆ ಪಟ್ಟಣದಿಂದ ಹೊರಟ ಗುಡ್ ಶೆಫರ್ಡ್ ಸಂಘದ ಸಿಸ್ಟರುಗಳು 1854ರಲ್ಲಿ ಬೆಂಗಳೂರಿಗೆ ಬಂದು ಮ್ಯೂಸಿಯಂ ರಸ್ತೆಯಲ್ಲಿ ನೆಲೆನಿಂತರು. 1870ರ ನವೆಂಬರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಘದವರು ಮಂಗಳೂರಿನಲ್ಲಿ ಹಡಗಿಳಿದು ಸೇಂಟ್ ಆನ್ಸ್ ಶಾಲೆಯನ್ನು ನಡೆಸತೊಡಗಿದರು. ಆ ಸಂಘವನ್ನು ಕಟ್ಟಿದ ಮದರ್ ವೆರೋನಿಕಾ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದ ಇಂಗ್ಲಿಷ್ ಪಾದ್ರಿಯ ಮಗಳು, ಮತ ಬದಲಿಸಿ ಕ್ಯಾಥೊಲಿಕ್ ಆದವರು. ಅದೇ ಸಂಘದ ಸೇಂಟ್ ಆಗ್ನೆಸ್ 1921ರಲ್ಲಿ ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜಾಯಿತು. ನಮ್ಮ ಬಳ್ಳಾರಿಯ ಸೇಂಟ್ ಜೋಸೆಫ್ ಹೆಣ್ಣುಮಕ್ಕಳ ಶಾಲೆಯೂ ಗುಡ್ ಶೆಫರ್ಡ್ ಮಠದ ನೆರಳಿನಲ್ಲೇ ಬೆಳೆದದ್ದು.

ಕರಾವಳಿಯಲ್ಲಿ ಕ್ರೈಸ್ತರು ಶತಮಾನಗಳಿಂದ ಇದ್ದರು, ಶಾಲೆ ಅವರ ಹೆಣ್ಣುಮಕ್ಕಳಿಗಾಗಿ ಬಂತು. ಬಳ್ಳಾರಿಯ ಕಥೆ ಬೇರೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ದಂಡು ಬೀಡುಬಿಟ್ಟಿತು. ದಂಡಿನಲ್ಲಿ ಐರಿಷ್ ಕ್ಯಾಥೊಲಿಕ್ ಸಿಪಾಯಿಗಳಿದ್ದರು, ಅವರ ಹಿಂದೆ ಪಾದ್ರಿ ಬಂದ, ಪಾದ್ರಿಯ ಹಿಂದೆ ಸಿಸ್ಟರುಗಳು ಬಂದರು. ಆ ಕಾಲದ ದಂಡುಪ್ರದೇಶಗಳ ಕಾನ್ವೆಂಟುಗಳು ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತಿರಲಿಲ್ಲ. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗಿಯರಿಗೆ ಪಿಯಾನೊ ಇದ್ದ ಬೋರ್ಡಿಂಗ್ ಶಾಲೆ, ಅನಾಥ ಮಕ್ಕಳಿಗೆ ಹೊಲಿಗೆ ಕಲಿಸುವ ಕೋಣೆ, ‘ನೇಟಿವ್’ ಹೆಣ್ಣುಮಕ್ಕಳಿಗೆ ಬೇರೆಯೇ ಬಾಗಿಲು. 1876–78ರ ಧಾತು-ಈಶ್ವರದ ಬರ ಈ ಜಿಲ್ಲೆಯನ್ನು ಹಿಂಡಿತ್ತು, ಅನಾಥ ಮಕ್ಕಳಿಗೆ ಕೊರತೆಯಿರಲಿಲ್ಲ. ಪಾರಂಪರಿಕ ಎಂದು ಮೆರೆಸುವುದಾದರೆ ಈ ಬೇರೆ ಬಾಗಿಲನ್ನೂ ಸೇರಿಸಿಯೇ ಹೇಳಬೇಕು. ಶತಮಾನೋತ್ಸವದ ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಅದನ್ನು ಬಿಟ್ಟು ಪಿಯಾನೊ ಒಂದನ್ನೇ ನೆನೆಯುತ್ತವೆ.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ. ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ಸಾವಿರಾರು ವರ್ಷ ಹಿಂದಿನ ಶಿಲಾಯುಗದ ಜನ ಬದುಕಿದ ಗುರುತುಗಳಿವೆ, ನಿಟ್ಟೂರಿನಲ್ಲಿ ಅಶೋಕನ ಶಾಸನವಿದೆ, ಊರ ನಡುವೆ ಕೋಟೆಯಿದೆ. ಇಷ್ಟೆಲ್ಲ ಕಂಡ ಕಣ್ಣಿಗೆ ನೂರಿಪ್ಪತ್ತು ವರ್ಷದ ಶಾಲೆ ಮೊನ್ನೆ ಮೊನ್ನೆಯದು. ಕೇಂದ್ರದ 1958ರ ಸ್ಮಾರಕ ಕಾಯ್ದೆ ನೂರು ವರ್ಷ ತುಂಬಿದ್ದನ್ನು ಪ್ರಾಚೀನವೆಂದು ಎಣಿಸುತ್ತದೆ, ನಿಜ. ಆದರೆ ಆ ಕಾಯ್ದೆಯಡಿ ಸ್ಮಾರಕವಾದ ಕಟ್ಟಡಕ್ಕೆ ಒಂದು ಶೌಚಾಲಯ ಸೇರಿಸಲೂ ಅನುಮತಿಗಾಗಿ ಅಲೆಯಬೇಕು. ಸಾವಿರ ಹುಡುಗಿಯರು ಓದುವ ಕಡೆ ಅದು ನಡೆಯುವ ಮಾತಲ್ಲ.

ಹಾಗಂತ ಕಟ್ಟಡವನ್ನು ದೈವದ ಮೇಲೆ ಬಿಡುವಂತಿಲ್ಲ. ಮೈಸೂರಿನ ಮಹಾರಾಣಿ ವಿದ್ಯಾಸಂಸ್ಥೆ 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾದದ್ದು, ಕನ್ನಡ ನಾಡಿನ ಹೆಣ್ಣುಮಕ್ಕಳ ಓದಿನ ಚರಿತ್ರೆಯಲ್ಲಿ ಕಾನ್ವೆಂಟುಗಳಷ್ಟೇ ದೊಡ್ಡ ಹೆಸರು. 2022ರ ಅಕ್ಟೋಬರಿನಲ್ಲಿ ಅದರ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ಪಾರಂಪರಿಕ ಪಟ್ಟಿಯಲ್ಲಿ ಹೆಸರಿದ್ದುದು ಗೋಡೆಯನ್ನು ಎತ್ತಿ ಹಿಡಿಯಲಿಲ್ಲ. ಹಳೆಯ ಗೋಡೆ ಸುಣ್ಣದ ಗಾರೆಯದು. ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತ ಬದುಕುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಡಿಸ್ಟೆಂಪರ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆ ಪುಡಿಯಾಗುತ್ತದೆ, ತೊಲೆ ಕೊಳೆಯುತ್ತದೆ. ಬೇಸಿಗೆ ರಜೆಯಲ್ಲಿ ‘ರಿಪೇರಿ’ ಮಾಡಿಸುವ ಆಡಳಿತ ಮಂಡಳಿಗಳು ಗುತ್ತಿಗೆದಾರನನ್ನು ಕರೆಯುವ ಮೊದಲು ಸುಣ್ಣದ ಕೆಲಸ ಬಲ್ಲ ಒಬ್ಬ ಗೌಂಡಿಯನ್ನು ಹುಡುಕಲಿ.

ಆದರೂ ಕಮಾನು, ಗಂಟೆಗೋಪುರಗಳಿಗೆ ಫೋಟೋ ತೆಗೆಯುವವರು ಸಾಕಷ್ಟಿದ್ದಾರೆ. ನಮ್ಮ ಚಿಂತೆ ಕಚೇರಿಯ ಬೀರುವಿನೊಳಗಿನ ದಾಖಲಾತಿ ಪುಸ್ತಕದ ಬಗ್ಗೆ. ಹುಡುಗಿಯ ಹೆಸರು, ಹುಟ್ಟಿದ ದಿನ, ತಂದೆಯ ಕಸುಬು, ಜಾತಿ, ಯಾವ ತರಗತಿಗೆ ಸೇರಿದಳು, ಯಾವಾಗ ಬಿಟ್ಟಳು, ಏಕೆ ಬಿಟ್ಟಳು. ‘ಮದುವೆ’ ಎಂಬ ಕಾರಣ ಯಾವ ವಯಸ್ಸಿನವರ ಹೆಸರಿನ ಮುಂದೆ ಬರುತ್ತಿತ್ತು, ಯಾವ ದಶಕದಲ್ಲಿ ಕಡಿಮೆಯಾಗತೊಡಗಿತು? ದಂಡಿನ ತಮಿಳರು, ಪೇಟೆಯ ತೆಲುಗರು, ಸುತ್ತಲಿನ ಕನ್ನಡದವರು, ಉರ್ದು ಮನೆಮಾತಿನವರು ಇವರಲ್ಲಿ ಯಾರು ಮೊದಲು ಮಗಳನ್ನು ಶಾಲೆಗೆ ಕಳಿಸಿದರು? ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂದು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ 1953ರಲ್ಲಿ ವಿಚಾರಣೆ ನಡೆಸಿದರು, ಅದೇ ವರ್ಷದ ಅಕ್ಟೋಬರ್ 1ಕ್ಕೆ ನಾವು ಮದ್ರಾಸನ್ನು ಬಿಟ್ಟು ಮೈಸೂರಿಗೆ ಬಂದೆವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆ ವರ್ಷದ ಆಸುಪಾಸಿನಲ್ಲಿ ಯಾರ ಮಕ್ಕಳು ಶಾಲೆ ಬಿಟ್ಟು ಹೋದರು, ಯಾರ ಮಕ್ಕಳು ಹೊಸದಾಗಿ ಬಂದರು ಎಂಬುದಕ್ಕೆ ಊರಿನ ಹಳೆಯ ಶಾಲೆಗಳ ಪುಸ್ತಕಗಳಿಗಿಂತ ನಂಬಿಕೆಯ ಸಾಕ್ಷಿ ಎಲ್ಲಿ ಸಿಕ್ಕೀತು?

ಇವನ್ನು ಸ್ಕ್ಯಾನ್ ಮಾಡಿಸುವುದು ಒಂದು ಶಾಲಾ ವಾರ್ಷಿಕೋತ್ಸವದ ಶಾಮಿಯಾನಕ್ಕಿಂತ ಹೆಚ್ಚಿನ ಖರ್ಚಿನದಲ್ಲ ಎಂಬುದು ನಮ್ಮ ಅಂದಾಜು. ಹಳೆಯ ವಿದ್ಯಾರ್ಥಿನಿಯರ ಸಂಘಗಳು ಮನಸ್ಸು ಮಾಡಿದರೆ ಒಂದು ಬೇಸಿಗೆಯ ಕೆಲಸ. ಎಲ್ಲವನ್ನೂ ಅಂತರ್ಜಾಲಕ್ಕೆ ಸುರಿಯಬೇಕೆಂದು ನಾವು ಹೇಳುತ್ತಿಲ್ಲ. ಅನಾಥೆ ಎಂದು ಬರೆಸಿಕೊಂಡವಳ ಮೊಮ್ಮಕ್ಕಳು ಇದೇ ಊರಿನಲ್ಲಿರುತ್ತಾರೆ. ಒಂದು ಪ್ರತಿ ಮಠದಲ್ಲಿ, ಒಂದು ಪ್ರತಿ ರಾಜ್ಯ ಪತ್ರಾಗಾರದಲ್ಲಿ ಇದ್ದರೆ ಸಾಕು, ಸಂಶೋಧಕರು ಕೇಳಿಕೊಂಡು ಬರಲಿ.

ಸದ್ಯಕ್ಕೆ ಇಂಥ ಹಳೆಯ ಪುಸ್ತಕಗಳು ಬೀರುವಿನಿಂದ ಹೊರಬರುವುದು 371ಜೆ ಮೀಸಲಾತಿಯ ಅರ್ಜಿಗೆ ವ್ಯಾಸಂಗ ಪ್ರಮಾಣಪತ್ರ ಬೇಕಾದಾಗ, ಅಥವಾ ಯಾರದೋ ಅಜ್ಜಿಯ ಹುಟ್ಟಿದ ತಾರೀಖು ಪಾಸ್‌ಪೋರ್ಟಿಗೆ ಬೇಕಾದಾಗ. ಗುಮಾಸ್ತರು ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವುತ್ತಾರೆ, ಹೆಸರು ಸಿಗುತ್ತದೆ, ಸೀಲು ಬೀಳುತ್ತದೆ. ಬೈಂಡಿನ ಹತ್ತಿರ ಹಾಳೆ ಇನ್ನೊಂದು ನೂಲಿನಷ್ಟು ಹರಿದಿರುತ್ತದೆ.