ಹೆಸರು ನಮ್ಮೂರಿನದು, ಕಥೆ ಮಾತ್ರ ಇಂಗ್ಲಿಷಿನಲ್ಲಿ

ವೀಕೆಂಡ್ ಬಂದ್ರೆ ಸಾಕು, ನಮ್ಮಲ್ಲಿ ಅರ್ಧ ಜನ ಬೈಕ್ ಹತ್ತಿ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಅಂತ ಹೊರಡ್ತೀವಿ. ಮಂಜು, ಫೋಟೋ, ಬಿಸಿ ಕಾಫಿ, ವಾಪಸ್. ಕಾಲ ಕೆಳಗಿನ ಕಲ್ಲನ್ನು ಯಾರೂ ನೋಡಲ್ಲ. ಆದರೆ ಭೂವಿಜ್ಞಾನಿಗಳಿಗೆ ಈ ಬೆಟ್ಟ ಗೊತ್ತಿರೋದೇ ಆ ಕಲ್ಲಿನಿಂದ. ಬಾಬಾಬುಡನ್ ಬೆಟ್ಟದ ಶಿಲಾಪದರಗಳಿಗೆ ಅವರು ಇಟ್ಟಿರುವ ಹೆಸರು ನೋಡಿ: ಕರ್ತಿಕೆರೆ, ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. ಎಲ್ಲಾ ನಮ್ಮ ಕಡೆಯವೇ. ಕನ್ನಡದ ಹೆಸರುಗಳು ಅಲ್ಲಿಗೆ ಹೋದವು, ಅವುಗಳ ಹಿಂದಿನ ಕಥೆ ಮಾತ್ರ ಕನ್ನಡಕ್ಕೆ ಸರಿಯಾಗಿ ಬರಲಿಲ್ಲ. ಅದನ್ನು ತರೋದು ನಮ್ಮಂಥವರ ಕೆಲಸ ಅನ್ನೋದು ನಮ್ಮ ಅಭಿಪ್ರಾಯ.

ಕಥೆ ಬೂದಿಯದು. ತರೀಕೆರೆಯಿಂದ ಲಿಂಗದಹಳ್ಳಿ ಮೇಲೆ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ ಸಂತವೇರಿ ಸಿಗುತ್ತೆ. ಆ ಹೆಸರಿನ ಪದರದಲ್ಲಿ ಸಿಲಿಕಾ ಜಾಸ್ತಿ ಇರುವ ಜ್ವಾಲಾಮುಖಿ ಶಿಲೆಗಳಿವೆ. ಇಂಥ ಲಾವಾ ಗಟ್ಟಿ, ಸುಲಭವಾಗಿ ಹರಿಯಲ್ಲ. ಒಳಗೆ ಸಿಕ್ಕಿಕೊಂಡ ಅನಿಲ ಒಮ್ಮೆಲೇ ಸಿಡಿದರೆ ಎಲ್ಲಾ ಬೂದಿಯಾಗುತ್ತೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೋದಲ್ಲಿ ಆದದ್ದು ಇದೇ. ನೆಲಕ್ಕೆ ಅಂಟಿಕೊಂಡು ನುಗ್ಗುವ ಬಿಸಿ ಬೂದಿ ದಪ್ಪ ಪದರವಾಗಿ ಕೂರುತ್ತೆ, ಜ್ವಾಲಾಮುಖಿಯ ಬಾಯಿ ಹತ್ತಿರದಲ್ಲೇ ಇತ್ತು ಅಂತ ಹೇಳುತ್ತೆ. ಗಾಳಿಯಲ್ಲಿ ತೇಲಿ ಬೀಳುವ ಬೂದಿ ತೆಳ್ಳಗೆ ತುಂಬಾ ದೂರ ಹರಡುತ್ತೆ. ಎರಡೂ ಭೂಮಿಯ ಲೆಕ್ಕದಲ್ಲಿ ಕ್ಷಣಮಾತ್ರದಲ್ಲಿ ಕೂತುಬಿಡುತ್ತವೆ. ಹಾಗಾಗಿ ಬೂದಿಯ ಪದರ ಅಂದ್ರೆ ಪುಸ್ತಕದ ನಡುವೆ ಬಿದ್ದ ತಾರೀಖಿನ ಮುದ್ರೆ ಇದ್ದಂಗೆ.

ತಾರೀಖು ಓದೋದು ಜಿರ್ಕಾನ್ ಎಂಬ ಪುಟ್ಟ ಹರಳಿನಿಂದ. ಹುಟ್ಟುವಾಗ ಇದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತೆ, ಸೀಸವನ್ನು ಹೆಚ್ಚುಕಡಿಮೆ ಬಿಟ್ಟುಕೊಳ್ಳಲ್ಲ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಈಗ ಒಳಗೆ ಎಷ್ಟು ಸೀಸ ಆಗಿದೆ ಅಂತ ಅಳೆದರೆ ವಯಸ್ಸು ಸಿಕ್ಕಿತು.

ಮುಳ್ಳಯ್ಯನಗಿರಿಯ ಕಬ್ಬಿಣದ ಪಟ್ಟೆಶಿಲೆಯ ಬುಡದಲ್ಲಿ ಸಿಕ್ಕ ಜಿರ್ಕಾನ್‌ಗಳ ವಯಸ್ಸು ಸುಮಾರು 272 ಕೋಟಿ ವರ್ಷ. 1997ರಲ್ಲಿ ಪ್ರಕಟವಾದ ಲೆಕ್ಕ ಇದು. ಅಜ್ಜಂಪುರದಿಂದ ಉತ್ತರಕ್ಕೆ ಚನ್ನಗಿರಿ ಕಡೆಯ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಗೆ ಸುಮಾರು 261 ಕೋಟಿ. ನಡುವೆ 11 ಕೋಟಿ ವರ್ಷ! ಹಿಮಾಲಯ ಏಳಲು ಶುರುವಾಗಿ ಸುಮಾರು 5 ಕೋಟಿ ವರ್ಷ ಆಗಿದೆ ಅಷ್ಟೆ. ಈ ತಾರೀಖುಗಳ ಸುತ್ತ ಪದರಗಳನ್ನು ಜೋಡಿಸಿದರೆ ಕಥೆ ಕಾಣುತ್ತೆ. 300 ಕೋಟಿ ವರ್ಷಕ್ಕೂ ಹಳೆಯ ನೈಸ್ ಶಿಲೆಯ ನೆಲ. ಅದರ ಮೇಲೆ ನದಿ ತಂದ ಬೆಣಚುಕಲ್ಲು, ಆಮೇಲೆ ಲಾವಾ, ಬೂದಿ. ನಂತರ ನೆಲ ಕುಸಿದು ನೀರು ತುಂಬಿ ಕಬ್ಬಿಣದ ಪದರ. ಕೊನೆಗೆ ಎಲ್ಲಾ ಒತ್ತಡಕ್ಕೆ ಮಡಚಿಕೊಂಡಿತು.

"ಪ್ಲೇಸ್‌ಮೆಂಟ್‌ಗೆ ಇದರಿಂದ ಏನು ಯೂಸ್?" ಅಂತ ಕೇಳೋರು ಇದ್ದೇ ಇದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಹತ್ತಿರ ಸುಮಾರು 7 ಕಿ.ಮೀ. ಸುರಂಗ ಕೊರೆದಿದ್ದಾರೆ. ಸುರಂಗದಲ್ಲಿ ಕಲ್ಲು ಬದಲಾದ ಕಡೆಯೆಲ್ಲ ಕೊಡಬೇಕಾದ ಆಧಾರವೂ ಬದಲಾಗುತ್ತೆ. ಹಳೆ ಬೂದಿ ಕೆಲವೊಮ್ಮೆ ಜೇಡಿಯಾಗಿ ಜಾರುವ ಪದರ ಆಗುತ್ತೆ. ಸಿವಿಲ್‌ನವರು ಜಿಯಾಲಜಿಯನ್ನು ಇಂಟರ್ನಲ್ಸ್ ಹಿಂದಿನ ರಾತ್ರಿ ಬಾಯಿಪಾಠ ಮಾಡೋ ಬದಲು ಇಲ್ಲೇ ಬಂದು ಕಲಿಯಬಹುದು.

ಇನ್ನೊಂದು ಮಾತು. ಕಲ್ಲು ಮತ್ತೆ ಬೆಳೆಯಲ್ಲ. ರಸ್ತೆ ಅಗಲ ಮಾಡಬೇಕು, ಬೇಡ ಅನ್ನಲ್ಲ. ಆದರೆ ಬಂಡೆ ಒಡೆಯುವ ಮುಂಚೆ ಅದು ಯಾವ ಪದರ ಅಂತ ಒಬ್ಬರು ನೋಡಿ ದಾಖಲಿಸಲಿ. ಚಿತ್ರದುರ್ಗದ ಮರಡಿಹಳ್ಳಿಯ ದಿಂಬು ಲಾವಾ, ಲಾಲ್‌ಬಾಗ್‌ನ ಬಂಡೆ ಎರಡಕ್ಕೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅನ್ನುವ ಮನ್ನಣೆ ಇದೆ. ಸಂತವೇರಿ ದಾರಿಯಲ್ಲಿ ಕನ್ನಡದ ಒಂದು ಬೋರ್ಡ್ ಆದ್ರೂ ಬೇಡವಾ?

ಬೋರ್ಡ್ ಬರೋವರೆಗೆ ಕಾಯೋದು ಬೇಡ. ಮುಂದಿನ ಟ್ರಿಪ್‌ನಲ್ಲಿ ಕಲ್ಲಿನ ಫೋಟೋನೂ ತೆಗೀರಿ, ಜಾಗ ಬರೆದಿಟ್ಟುಕೊಳ್ಳಿ, ನಾಲ್ಕು ಸಾಲು ಕನ್ನಡದಲ್ಲಿ ಬರೆದು ನಮ್ಮ ಬಳಗಕ್ಕೆ ಕಳಿಸಿ. ಕಲ್ಲು ಒಡೆದು ತರಬೇಡಿ, ಅಷ್ಟೆ.