ಉಭಯ ಕುಶಲೋಪರಿ

ಹಿಂದೆ ನಮ್ಮ ಮನೆಗಳಿಂದ ಹೊರಡುತ್ತಿದ್ದ ಪತ್ರಗಳಿಗೆ ಒಂದು ಸಿದ್ಧ ಆರಂಭವಿರುತ್ತಿತ್ತು. ಹಿರಿಯರು ಬರೆದರೆ ‘ಅನೇಕ ಆಶೀರ್ವಾದಗಳು’, ಕಿರಿಯರು ಬರೆದರೆ ‘ಶರಣು ಶರಣಾರ್ಥಿಗಳು’. ಅದರ ಬೆನ್ನಿಗೇ ‘ಉಭಯ ಕುಶಲೋಪರಿ ಸಾಂಪ್ರತ’. ಎರಡೂ ಕಡೆಯ ಕ್ಷೇಮವನ್ನು ಹೇಳಿ ಕೇಳಿದ ಮೇಲೆಯೇ ಉಳಿದ ಮಾತು ಎಂಬುದು ಅದರ ತಾತ್ಪರ್ಯ. ಮಳೆ, ಬೆಳೆ, ಅಡಿಕೆಯ ಧಾರಣೆ, ಕನ್ಯೆ ನೋಡಿ ಬಂದ ಸುದ್ದಿ ಎಲ್ಲವೂ ಆ ಸಾಲಿನ ನಂತರ ಬರುತ್ತಿದ್ದವು. ಈಗ ಪತ್ರವೂ ಇಲ್ಲ, ಆ ಸಾಲೂ ಇಲ್ಲ. ಆದರೆ ಆ ಸಾಲು ಮಾಡುತ್ತಿದ್ದ ಕೆಲಸ ಉಳಿದಿದೆ. ಅದನ್ನು ಯಾರು, ಹೇಗೆ ಮಾಡಬೇಕೆಂಬ ಗೊಂದಲ ಅನೇಕ ಮನೆಗಳಲ್ಲಿ ಕಾಣುತ್ತಿದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮಕ್ಕಳು ವಿದೇಶಕ್ಕೆ ಹೋಗುವುದು ಹೊಸ ಸಂಗತಿಯೇನಲ್ಲ. ಓದಿಗೆ ಹೋದರು, ನೌಕರಿಗೆ ಹೋದರು. ಹೊಸದೆಂದರೆ, ಬೆನ್ನಿಗೊಂದು ಚೀಲ ಏರಿಸಿಕೊಂಡು ಕೇವಲ ನೋಡಿಬರಲು ಹೊರಡುವುದು. ಹೋಟೆಲಿನ ಬದಲು ಎಂಟು ಹತ್ತು ಮಂಚಗಳಿರುವ ಹಾಸ್ಟೆಲಿನಲ್ಲಿ ಒಂದು ಮಂಚ, ರಾತ್ರಿ ಬಸ್ಸಿನಲ್ಲಿ ನಿದ್ರೆ, ನಾಳೆ ಯಾವ ಊರೆಂಬುದು ನಾಳೆಯೇ ನಿಶ್ಚಯ. 2024ರಲ್ಲಿ ಆಸ್ಟ್ರೇಲಿಯಾ ದೇಶವು 18ರಿಂದ 30 ವರ್ಷದ ಭಾರತೀಯರಿಗಾಗಿ ವರ್ಷಕ್ಕೆ 1000 ವೀಸಾಗಳನ್ನು ಚೀಟಿ ಎತ್ತಿ ಕೊಡುವ ಯೋಜನೆಯನ್ನು ತೆರೆಯಿತು. ಅದನ್ನು ಪಡೆದವರು ಹನ್ನೆರಡು ತಿಂಗಳು ಅಲ್ಲಿ ಸುತ್ತಾಡಬಹುದು, ಖರ್ಚಿಗೆ ಅಲ್ಲಲ್ಲೇ ದುಡಿಯಲೂಬಹುದು. ‘ಇದೇನು ಅಲೆಮಾರಿತನ’ ಎಂದು ಹಿರಿಯರು ಗೊಣಗುವುದುಂಟು. ಜಂಗಮವನ್ನು ಗೌರವಿಸುತ್ತ ಬಂದ ಮನೆಗಳಲ್ಲಿ ಈ ಗೊಣಗು ಅಷ್ಟಾಗಿ ಶೋಭಿಸದು. ಆದರೂ ತಾಯಿಯ ಹೊಟ್ಟೆಯೊಳಗಿನ ಕಳವಳಕ್ಕೆ ತರ್ಕದಿಂದ ಸಮಾಧಾನವಾಗುವುದಿಲ್ಲ.

ಓದಲು ಹೋದವನಿಗೆ ಒಂದು ವಿಳಾಸವಿರುತ್ತದೆ. ತಿರುಗಾಟಕ್ಕೆ ಹೋದವನಿಗೆ ಅದಿಲ್ಲ. ಅವನು ಕಳುಹಿಸುವ ಸಂದೇಶವೇ ಅವನ ವಿಳಾಸ. ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ.

ಮೊದಲು ಗಡಿಯಾರದ ಮಾತು. ನಮ್ಮ ದೇಶದ ಸಮಯ ವರ್ಷವಿಡೀ ಒಂದೇ. ಯುರೋಪಿನಲ್ಲಿ ಹಾಗಲ್ಲ, ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಿಡುತ್ತಾರೆ. ಬರ್ಲಿನ್ ನಗರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಜಗಳೂರಿನಲ್ಲಿ ಬೆಳಗಿನ ಐದಕ್ಕೆ ಲಿಂಗಪೂಜೆ ಮುಗಿಸಿ ತಾಯಿ ಮಗನಿಗೆ ಕರೆ ಮಾಡಿದರೆ ಅಲ್ಲಿ ಬೇಸಿಗೆಯ ನಡುರಾತ್ರಿ ಒಂದೂವರೆ. ಮಗನ ಜೊತೆಗೆ ಆ ಕೋಣೆಯ ಇತರ ಏಳು ಮಂದಿಯೂ ಎದ್ದು ಕೂರುತ್ತಾರೆ. ಅವನು ಕರೆಯನ್ನು ಎತ್ತದಿದ್ದರೆ ಇಲ್ಲಿ ಕಳವಳ ಶುರು. ‘ಸಂದೇಶ ನೋಡಿದ್ದಾನೆ, ನೀಲಿ ಗೆರೆ ಬಂದಿದೆ, ಉತ್ತರ ಮಾತ್ರ ಇಲ್ಲ.’ ಈ ನೀಲಿ ಗೆರೆಗಳು ಬಂದದ್ದು 2014ರಲ್ಲಿ. ಅಲ್ಲಿಂದೀಚೆಗೆ ಎಷ್ಟು ಮನೆಗಳ ಊಟ ಆರಿಹೋಗಿದೆಯೋ ದೇವರೇ ಬಲ್ಲ.

ವಿಮಾನದ ಅಂಚೆಯ ನೀಲಿ ಕಾಗದದ ಕಾಲದಲ್ಲಿ ಈ ಸಂಕಟವಿರಲಿಲ್ಲ. ಪತ್ರ ಬರುವುದೇ ವಾರ, ಎರಡು ವಾರ ತಡವಾಗಿ. ‘ನನಗೆ ಜ್ವರ’ ಎಂದು ಬರೆದ ಪತ್ರ ಕೈಸೇರುವ ವೇಳೆಗೆ ಜ್ವರ ಬಿಟ್ಟಿರುತ್ತಿತ್ತು. ಕೆಟ್ಟ ಸುದ್ದಿಗೆ ತಂತಿ ಇತ್ತು. ‘ತಾಯಿಗೆ ತೀವ್ರ ಅನಾರೋಗ್ಯ, ಕೂಡಲೇ ಹೊರಡು’ ಎಂಬ ತಂತಿ ಬಂದರೆ ತಾಯಿ ಬದುಕಿಲ್ಲವೆಂದು ಅರ್ಥಮಾಡಿಕೊಳ್ಳುವಷ್ಟು ಎಲ್ಲರೂ ಬಲ್ಲವರಾಗಿದ್ದರು. ಸುಳ್ಳೇ ಹೌದು, ಆದರೆ ಬರೆದವನಿಗೂ ಓದಿದವನಿಗೂ ಗೊತ್ತಿದ್ದ ಸುಳ್ಳು. ಆ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತಿತು. ಹಳದಿ ಫಲಕದ ಐ.ಎಸ್.ಡಿ. ಬೂತುಗಳೂ ಅದಕ್ಕಿಂತ ಮುಂಚೆಯೇ ಒಂದೊಂದಾಗಿ ಮುಚ್ಚತೊಡಗಿದ್ದವು. ಆ ಬೂತಿನಲ್ಲಿ ಕಣ್ಣೆದುರೇ ಓಡುವ ಮೀಟರಿನ ಅಂಕಿ ನೋಡಿಕೊಂಡು, ‘ಆರಾಮಾ? ನಾವೂ ಆರಾಮ, ಇಡ್ತೀನಪ್ಪ’ ಎಂದು ಫೋನು ಇಟ್ಟು ಬಂದವರು ನಮ್ಮ ಓದುಗರಲ್ಲಿ ಬಹಳ ಮಂದಿ ಇರಬೇಕು.

ಇನ್ನು ಮುಚ್ಚಿಡುವ ವಿಷಯ. ಹೊನ್ನಾಳಿ ಕಡೆಯ ಒಂದು ಮನೆಯಲ್ಲಿ ನಡೆದದ್ದನ್ನು ಹೆಸರು ಬಿಟ್ಟು ಹೇಳುತ್ತೇನೆ. ಮನೆಯ ಮೊಮ್ಮಗಳು ಇಬ್ಬರು ಗೆಳತಿಯರೊಡನೆ ವಿಯೆಟ್ನಾಂ ದೇಶದಲ್ಲಿದ್ದಳು. ಇಲ್ಲಿ ಅಜ್ಜಿ ಲಿಂಗೈಕ್ಯರಾದರು. ಹುಡುಗಿ ಹೊರಟರೂ ಕ್ರಿಯಾಸಮಾಧಿಯ ಹೊತ್ತಿಗೆ ಬಂದು ಮುಟ್ಟುವಂತಿರಲಿಲ್ಲ. ‘ಪರದೇಶದಲ್ಲಿ ಒಬ್ಬಳೇ ಅಳುತ್ತಾ ಕೂರುವುದು ಬೇಡ, ಹೇಗೂ ಇನ್ನು ಆರು ದಿನಕ್ಕೆ ಬರುತ್ತಾಳೆ’ ಎಂದು ದೊಡ್ಡಪ್ಪ ಹೇಳಿದರು, ಎಲ್ಲರೂ ಒಪ್ಪಿದರು. ಮರುದಿನ ಅವಳು ಎಂದಿನಂತೆ ‘ಅಜ್ಜಿ ಹೇಗಿದಾರೆ?’ ಎಂದು ಕೇಳಿದಳು. ‘ಆರಾಮ ಇದಾರೆ, ಮಲಗಿದಾರೆ’ ಎಂದು ತಾಯಿ ಬರೆದರು. ಅದರ ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನ ದೂರದ ಸಂಬಂಧಿಯೊಬ್ಬರು ತಮ್ಮ ಸ್ಟೇಟಸಿನಲ್ಲಿ ಹಾಕಿದ ಹಾರ ಹಾಕಿದ ಭಾವಚಿತ್ರವನ್ನು ಅವಳು ಬಸ್ಸಿನಲ್ಲಿ ಕುಳಿತು ನೋಡಿದಳು. ಅವಳು ಮನೆಗೆ ಕಳುಹಿಸಿದ್ದು ಇಷ್ಟೇ: ‘ನಾನು ದಿನಾ ಕೇಳ್ತಿದ್ದೆನಲ್ಲಮ್ಮ.’

ಆ ತಾಯಿಯನ್ನು ನಾನು ದೂರುವುದಿಲ್ಲ. ಆ ಉತ್ತರವನ್ನು ಬರೆಯುವಾಗ ಅವರ ಕೈ ನಡುಗಿರಲೇಬೇಕು. ಆದರೆ ದೊಡ್ಡಪ್ಪನವರ ತೀರ್ಮಾನ ಸರಿಯೆಂದು ನನಗೆ ತೋರುವುದಿಲ್ಲ. ಕಷ್ಟವನ್ನು ತಡೆದುಕೊಳ್ಳುವ ಶಕ್ತಿ ಇಪ್ಪತ್ತನಾಲ್ಕರ ಹುಡುಗಿಗೆ ಇಲ್ಲವೆಂದು ನಾವೇ ನಿರ್ಧರಿಸಿದರೆ, ಆ ಹುಡುಗಿಯೂ ಮುಂದೆ ನಮ್ಮ ಬಗ್ಗೆ ಹಾಗೆಯೇ ನಿರ್ಧರಿಸುತ್ತಾಳೆ. ಕೈಚೀಲ ಕಳುವಾದದ್ದು, ಕಾಲು ಉಳುಕಿದ್ದು, ಹಣ ಮುಗಿದದ್ದು ಯಾವುದೂ ಮನೆಗೆ ತಿಳಿಯುವುದಿಲ್ಲ. ಅಲ್ಲಿಂದ ‘ಸೂಪರ್ ಆಗಿದೀನಿ’, ಇಲ್ಲಿಂದ ‘ಎಲ್ಲ ಆರಾಮ’. ಎರಡೂ ಕಡೆಯ ಕುಶಲ ವಿನಿಮಯವಾಗುತ್ತದೆ, ಸಮಾಚಾರ ಮಾತ್ರ ದಾಟುವುದಿಲ್ಲ. ಹೊರಡುವ ಮುನ್ನವೇ ಕೂರಿಸಿ ಕೇಳಿಬಿಡುವುದು ಲೇಸು: ‘ನೀನಿಲ್ಲದಾಗ ಮನೆಯಲ್ಲಿ ಏನಾದರೂ ಆದರೆ ತಿಳಿಸಲೋ ಬೇಡವೋ?’ ಈ ಪ್ರಶ್ನೆ ಅಶುಭವೆಂದು ಕೆಲವರಿಗೆ ಅನ್ನಿಸೀತು. ಬಸ್ಸಿನಲ್ಲಿ ಸ್ಟೇಟಸ್ ನೋಡುವುದಕ್ಕಿಂತ ಹೆಚ್ಚು ಅಶುಭವೇನಲ್ಲ.

ಸಂದೇಶಗಳು ಬದುಕಿಗೇ ಆಧಾರವಾದ ಎರಡು ಸಂದರ್ಭಗಳನ್ನು ನಾವು ಹತ್ತಿರದಿಂದ ಕಂಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣದಿಂದ ಅಂತರರಾಷ್ಟ್ರೀಯ ವಿಮಾನಗಳು ನಿಂತುಹೋದವು. ಪ್ರವಾಸಕ್ಕೆಂದು ಹೋದವರು ಹೋದಲ್ಲಿಯೇ ಉಳಿದರು. ಮೇ 7ರಂದು ವಂದೇ ಭಾರತ್ ಹೆಸರಿನಲ್ಲಿ ಕರೆತರುವ ಕಾರ್ಯ ಆರಂಭವಾಗುವವರೆಗೆ ಅವರಿಗೂ ಮನೆಯವರಿಗೂ ನಡುವೆ ಇದ್ದದ್ದು ಮೊಬೈಲೊಂದೇ.

ಎರಡನೆಯದು ಇನ್ನೂ ಹತ್ತಿರದ್ದು. ಹರಿಹರದಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯ ಬದಿಯ ಚಳಗೇರಿ ಗ್ರಾಮದ ನವೀನ್ ಗ್ಯಾನಗೌಡರ, ಉಕ್ರೇನಿನ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ವಿದ್ಯಾರ್ಥಿ. ಅವನು ತಿರುಗಾಟಕ್ಕೆ ಹೋದವನಲ್ಲ, ಓದಲು ಹೋದವನು. 2022ರ ಫೆಬ್ರವರಿ 24ರಂದು ಯುದ್ಧ ಆರಂಭವಾದ ಮೇಲೆ ನೆಲಮಾಳಿಗೆಯ ಆಶ್ರಯದಿಂದ ಮನೆಗೆ ಕರೆ ಮಾಡುತ್ತಿದ್ದ. ಮಾರ್ಚ್ 1ರಂದು ಆಹಾರ ಪದಾರ್ಥ ತರಲು ಹೊರಗೆ ಹೋದಾಗ ಶೆಲ್ ದಾಳಿಗೆ ಬಲಿಯಾದ. ಪಾರ್ಥಿವ ಶರೀರ ಊರಿಗೆ ಬಂದದ್ದು ಮಾರ್ಚ್ 21ರಂದು. ಇಪ್ಪತ್ತು ದಿನ ಆ ಮನೆ ಕಾಯಿತು. ಪೂಜಾ ವಿಧಿಗಳು ಮುಗಿದ ಮೇಲೆ ತಂದೆತಾಯಿಗಳು ಮಗನ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ವೈದ್ಯನಾಗಬೇಕೆಂದು ಹೋದವನ ಶರೀರ ವೈದ್ಯರಾಗುವವರ ಕಲಿಕೆಗೆ ಸಂದಿತು. ಇದಕ್ಕೆ ಏನನ್ನೂ ಸೇರಿಸಲು ನನಗೆ ಮನಸ್ಸಾಗುವುದಿಲ್ಲ.

ಆ ದಿನಗಳಲ್ಲಿ ಉಕ್ರೇನಿನಲ್ಲಿದ್ದ ಮಕ್ಕಳ ಮನೆಗಳಲ್ಲಿ ಒಂದು ಸಂಗತಿ ಎದ್ದು ಕಂಡಿತು. ಮೊಬೈಲಿನ ಬ್ಯಾಟರಿಯೇ ಅಮೂಲ್ಯವಾದಾಗ ಹತ್ತು ಜನ ಬಂಧುಗಳು ಹತ್ತು ಸಲ ಕರೆ ಮಾಡುವುದು ಪ್ರೀತಿಯಾದರೂ ಉಪಕಾರವಲ್ಲ. ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಿ, ಉಳಿದವರೆಲ್ಲ ಅವರನ್ನೇ ಕೇಳಬೇಕು. ಕುಟುಂಬದ ಗುಂಪಿನಲ್ಲಿ ಬೆಳಗಾದರೆ ಹೂವಿನ ಚಿತ್ರದ ‘ಶುಭೋದಯ’ಗಳು ಇಪ್ಪತ್ತು ಬಂದು ಬೀಳುತ್ತವೆ; ‘ಬಸ್ಸು ತಪ್ಪಿತು, ಇವತ್ತು ಬೇರೆ ಊರು’ ಎಂಬ ಮಗನ ಸಾಲು ಅವುಗಳ ಕೆಳಗೆ ಹೂತುಹೋಗುತ್ತದೆ. ಪ್ರವಾಸಕ್ಕೆಂದೇ ಮೂರು ನಾಲ್ಕು ಜನರ ಬೇರೆ ಗುಂಪು ಇರಲಿ. ಪಾಸ್‌ಪೋರ್ಟಿನ, ವೀಸಾದ, ವಿಮೆಯ ಪ್ರತಿಗಳನ್ನೂ ಆ ದೇಶದ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನೂ ಕಾಗದದ ಮೇಲೆ ಬರೆದು ದೇವರ ಕೋಣೆಯ ಕಪಾಟಿನಲ್ಲಿಡಿ. ವಿದೇಶದಲ್ಲಿ ತೊಂದರೆಗೆ ಸಿಕ್ಕವರ ದೂರುಗಳಿಗಾಗಿ ವಿದೇಶಾಂಗ ಸಚಿವಾಲಯ 2015ರಲ್ಲಿ ‘ಮದದ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು, ಅದನ್ನೂ ತಿಳಿದಿರಿ.

ಮಗ ಹೊರಗಿದ್ದಾನೆಂದು ಊರಿಗೆಲ್ಲ ಸಾರುವುದರಲ್ಲಿ ಒಂದು ಅಪಾಯವೂ ಇದೆ. ‘ನಿಮ್ಮ ಮಗ ಪೊಲೀಸರ ವಶದಲ್ಲಿದ್ದಾನೆ, ತಕ್ಷಣ ಹಣ ಹಾಕಿ’ ಎಂದು ಕರೆ ಮಾಡುವ ವಂಚಕರು ಈಗ ಮಗನ ಧ್ವನಿಯನ್ನೇ ಯಂತ್ರದಿಂದ ಅನುಕರಿಸಿ ಅಳಬಲ್ಲರು. ಹೊರಗಿನವರಿಗೆ ಗೊತ್ತಿಲ್ಲದ ಒಂದು ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು: ಹಳೆಯ ಎತ್ತಿನ ಹೆಸರೋ, ತೋಟದ ಮೂಲೆಯ ಮರದ ಅಡ್ಡಹೆಸರೋ. ಅದನ್ನು ಹೇಳದವನಿಗೆ ಕಾಸು ಇಲ್ಲ. ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನ್ಯಾಮತಿ ಹತ್ತಿರದ ರೈತರೊಬ್ಬರಿಗೆ ಮೊಬೈಲಿನಲ್ಲಿ ಅಕ್ಷರ ಒತ್ತುವುದು ಬರುವುದಿಲ್ಲ. ಮಗಳು ಪೋರ್ಚುಗಲ್, ಸ್ಪೇನ್ ಎಂದು ತಿರುಗುತ್ತಿದ್ದ ಎರಡು ತಿಂಗಳೂ ಅವರು ರಾತ್ರಿ ಊಟವಾದ ಮೇಲೆ ಒಂದು ನಿಮಿಷದ ಧ್ವನಿ ಸಂದೇಶ ಕಳುಹಿಸುತ್ತಿದ್ದರು. ‘ಎಲ್ಲಿದ್ದೀ, ಯಾಕೆ ಫೋನ್ ಎತ್ತಲಿಲ್ಲ’ ಎಂಬ ವಿಚಾರಣೆ ಅದರಲ್ಲಿರಲಿಲ್ಲ. ಮೋಟಾರು ಸುಟ್ಟದ್ದು, ಕಟ್ಟಿಸಿಕೊಂಡು ಬಂದದ್ದು, ಎಮ್ಮೆ ಈದದ್ದು, ಅವಳ ಅವ್ವನಿಗೆ ಮಂಡಿನೋವು ಹೆಚ್ಚಾದದ್ದು, ಮೆಕ್ಕೆಜೋಳಕ್ಕೆ ಹುಳು ಬಿದ್ದದ್ದು ಇರುತ್ತಿತ್ತು. ಮಗಳು ಬೆಳಿಗ್ಗೆ ಎದ್ದು ಕೇಳಿ, ತಾನೂ ಒಂದು ನಿಮಿಷ ಮಾತಾಡಿ ಕಳುಹಿಸುತ್ತಿದ್ದಳು. ಒಂದು ದಿನ ಅವಳ ಉತ್ತರ ಬರಲಿಲ್ಲ. ಮರುದಿನ ಬಂದಾಗ ಅದರಲ್ಲಿ, ‘ಅಪ್ಪಾಜಿ, ನಿನ್ನೆ ಜ್ವರ ಇತ್ತು, ಡಾಕ್ಟರ್ ಹತ್ರ ಹೋಗಿದ್ದೆ, ಈಗ ಇಳಿದಿದೆ. ಅವ್ವನ ಮಂಡಿ ಹೇಗಿದೆ, ಎಮ್ಮೆ ಕರು ಹೆಣ್ಣೋ ಗಂಡೋ ನೀವು ಹೇಳಲೇ ಇಲ್ಲ’ ಎಂದಿತ್ತು.